ಮನೆಯ ವೈಫೈ: ಒಂದೇ ಮೈಕು, ಹತ್ತು ಮಾತುಗಾರರು

ಓದುಗರ ಪ್ರಶ್ನೆ, ಅಂಗಡಿ ಅಕ್ಕನ ಉತ್ತರ

ಮೇ ತಿಂಗಳ ಗುಡುಗು ಮುಗಿದು ಮಳೆ ಹಿಡಿಯಿತು ಅಂದರೆ ಕುಮಟಾದ ನನ್ನ ಅಂಗಡಿಗೆ ಎರಡು ಥರದ ಗಿರಾಕಿಗಳು ಬರುತ್ತಾರೆ. ಸಿಡಿಲಿಗೆ ರೂಟರ್ ಸುಟ್ಟುಕೊಂಡವರು ಒಂದು ಥರ. ಹೊಸ ರೂಟರಿಗೆ ಮನೆಯ ಹಳೇ ಸಾಮಾನು ಕೂಡಿಕೊಳ್ಳುತ್ತಿಲ್ಲ ಅನ್ನುವವರು ಇನ್ನೊಂದು ಥರ. ಮೊದಲನೆಯವರೇ ಹದಿನೈದು ದಿನ ಬಿಟ್ಟು ಎರಡನೆಯವರಾಗಿ ಬರುತ್ತಾರೆ ಅನ್ನುವುದು ಬೇರೆ ಮಾತು. ಈ ಸಲ ಪತ್ರಗಳೂ ಹಾಗೇ ಬಂದಿವೆ. ಆದ್ದರಿಂದ ಇಡೀ ಅಂಕಣ ಅದಕ್ಕೇ ಬಿಟ್ಟಿದ್ದೇನೆ. ಪ್ರಿಂಟರ್ ಪೇಪರ್ ನುಂಗುತ್ತದೆ ಅಂತ ಬರೆದವರು ಒಂದು ತಿಂಗಳು ಕಾಯಬೇಕು.

ಅಪ್ಪನ ಹಳೇ ಲ್ಯಾಪ್‌ಟಾಪ್ ನಮ್ಮ ಹೊಸ ವೈಫೈಗೆ ಸೇರುತ್ತಿರಲಿಲ್ಲ. ಒಬ್ಬ ಹುಡುಗ ಬಂದು ರೂಟರಿನಲ್ಲಿ ಏನೋ ಬದಲಿಸಿ ಸೇರಿಸಿಕೊಟ್ಟ. ಅಂದಿನಿಂದ ನಮ್ಮೆಲ್ಲರ ಫೋನೂ ನಿಧಾನ. 200 ಎಂಬಿಪಿಎಸ್ ಪ್ಲ್ಯಾನ್ ಇದೆ, 20–25 ದಾಟುವುದಿಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿಟ್ಟರೂ ಹಾಗೇ. ಅದು 2004ರದ್ದು. ಅಪ್ಪನ ಲೆಕ್ಕಪತ್ರ ಎಲ್ಲ ಅದರಲ್ಲೇ ಇದೆ, ಬಿಡಲು ಒಪ್ಪುವುದಿಲ್ಲ. ಬಿಸಾಡಲೇಬೇಕಾ?
— ಬ್ಯಾಂಕ್ ಉದ್ಯೋಗಿ, ಕೋಡಿಬಾಗ, ಕಾರವಾರ

ಬಿಸಾಡಬೇಡಿ. ಅಪ್ಪನಿಗೆ ಬೈಯಲೂ ಬೇಡಿ, ತಪ್ಪು ಲ್ಯಾಪ್‌ಟಾಪಿನದಲ್ಲ.

ನಿಮ್ಮ ಪತ್ರದಲ್ಲಿ ನನಗೆ ಬೇಕಾದ ಸಾಲು ಒಂದೇ: ‘ಲ್ಯಾಪ್‌ಟಾಪ್ ಆಫ್ ಮಾಡಿಟ್ಟರೂ ಹಾಗೇ’. ಹಳೇ ಯಂತ್ರ ಗಾಳಿಯಲ್ಲಿ ಅಡ್ಡ ನಿಂತಿದ್ದರೆ ಅದನ್ನು ಆಫ್ ಮಾಡಿದ ಕೂಡಲೇ ದಾರಿ ತೆರವಾಗಬೇಕಿತ್ತು. ಆಗಲಿಲ್ಲ. ಅಂದರೆ ಆ ಹುಡುಗ ರೂಟರಿನಲ್ಲಿ ಬದಲಿಸಿದ್ದೇ ಇದಕ್ಕೆ ಕಾರಣ.

ಒಂದು ಕೆಲಸ ಮಾಡಿ. ನಿಮ್ಮ ಫೋನಿನ ವೈಫೈ ಸೆಟ್ಟಿಂಗ್ಸಿಗೆ ಹೋಗಿ, ನಿಮ್ಮ ಮನೆಯ ಹೆಸರನ್ನು ಒತ್ತಿ. ವಿವರಗಳಲ್ಲಿ ಲಿಂಕ್ ಸ್ಪೀಡ್ ಅಂತ ಒಂದು ಅಂಕಿ ಸಿಗುತ್ತದೆ. ಅದು 54 ಅಂತ ಇದ್ದರೆ ಕಳ್ಳ ಸಿಕ್ಕಿದ ಹಾಗೇ. 54 ಅನ್ನುವುದು 2003ರ 802.11ಜಿ ಅನ್ನುವ ವೈಫೈ ತಲೆಮಾರಿನ ಗರಿಷ್ಠ ವೇಗ. ಇವತ್ತಿನ ಫೋನು ಅಲ್ಲಿಗೆ ತಾನಾಗಿ ಇಳಿಯುವುದಿಲ್ಲ, ಯಾರಾದರೂ ಇಳಿಸಬೇಕು. ಗಾಳಿಯಲ್ಲಿ 54 ಅಂದರೆ ಕೈಗೆ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ. ನಿಮ್ಮ 20–25ರ ಲೆಕ್ಕ ಅಲ್ಲಿಗೆ ಸರಿಹೋಯಿತು.

ಹುಡುಗ ಏನು ಮಾಡಿದ್ದಾನೆ ಅಂದರೆ, ವೈಫೈ ಬೀಗವನ್ನು, ಅಂದರೆ ಪಾಸ್‌ವರ್ಡಿನ ಹಿಂದಿರುವ ಗೂಢಲಿಪಿಯನ್ನು, ಟಿಕೆಐಪಿ ಅನ್ನುವ ಹಳೇ ನಮೂನೆಗೆ ಹಾಕಿದ್ದಾನೆ. 2003ರಲ್ಲಿ ಡಬ್ಲ್ಯುಪಿಎ ಅನ್ನುವ ಸುರಕ್ಷತಾ ನಿಯಮದ ಜೊತೆ ಬಂದ ಬೀಗ ಅದು. ಅದಕ್ಕೂ ಮೊದಲಿದ್ದ ವೆಪ್ ಬೀಗ ಮುರಿದುಬಿದ್ದಿತ್ತು. ಹೊಸ ಯಂತ್ರ ಕೊಳ್ಳದೆ ಹಳೇದರಲ್ಲೇ ಸುಧಾರಿಸಿಕೊಳ್ಳಲಿ ಅಂತ ತಾತ್ಕಾಲಿಕವಾಗಿ ಮಾಡಿದ ತೇಪೆ ಇದು. ಆಮೇಲೆ 2009ರಲ್ಲಿ ಮುಂದಿನ ತಲೆಮಾರು 802.11ಎನ್ ಬಂತು. ಅದರ ನಿಯಮದಲ್ಲೇ ಒಂದು ಮಾತಿದೆ: ವೆಪ್ ಅಥವಾ ಟಿಕೆಐಪಿ ಬೀಗ ಇದ್ದರೆ ಎನ್‌ನ ವೇಗ ಕೊಡಬಾರದು. ಮುಂದೆ ಬಂದ ಎಸಿ, ಎಎಕ್ಸ್ ತಲೆಮಾರುಗಳಿಗೂ ಅದೇ ಗತಿ. ನಿಮ್ಮ ಹೊಸ ಫೋನುಗಳೆಲ್ಲ ಹಳೇ ಬೀಗ ನೋಡಿ ಇಪ್ಪತ್ತು ವರ್ಷ ಹಿಂದೆ ಹೋಗಿ ಕೂತಿವೆ. ಈಗಿನ ರೂಟರಿಗೆ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ರೇಡಿಯೋ ಪಟ್ಟಿ. 5ಕ್ಕೂ ಅದೇ ಬೀಗ ಹಾಕಿದ್ದರೆ ಅಲ್ಲೂ ಇದೇ ಪಾಡು.

ರೂಟರಿನ ಸೆಕ್ಯುರಿಟಿ ಪುಟದಲ್ಲಿ ಡಬ್ಲ್ಯುಪಿಎ2 ಆರಿಸಿ, ಪಕ್ಕದಲ್ಲಿ ಎಇಎಸ್ ಅನ್ನುವ ಗಟ್ಟಿ ಬೀಗ ಮಾತ್ರ ಇಡಿ. ‘ಟಿಕೆಐಪಿ ಮತ್ತು ಎಇಎಸ್’ ಅನ್ನುವ ಬೆರಕೆ ಬೇಡ. ಫೋನುಗಳು ಕೂಡಲೇ ಎದ್ದು ನಿಲ್ಲುತ್ತವೆ. ಅಪ್ಪನ ಲ್ಯಾಪ್‌ಟಾಪ್ ಮಾತ್ರ ಬಿದ್ದುಹೋಗುತ್ತದೆ.

ಅದಕ್ಕೆ ಎರಡು ದಾರಿ. ಸುಲಭದ್ದು ಕೇಬಲ್. 2004ರ ಲ್ಯಾಪ್‌ಟಾಪಿನ ಹಿಂದೆಯೋ ಪಕ್ಕದಲ್ಲೋ ಟೆಲಿಫೋನ್ ಪಿನ್ನಿಗಿಂತ ಸ್ವಲ್ಪ ಅಗಲದ ಒಂದು ತೂತು ಇದ್ದೇ ಇರುತ್ತದೆ. ಅದೇ ಲ್ಯಾನ್. ಅಲ್ಲಿಂದ ರೂಟರಿಗೆ ಒಂದು ವಯರ್ ಎಳೆದರೆ ವೈಫೈ ರಗಳೆಯೇ ಇಲ್ಲ. ಅಪ್ಪ ಹೇಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಓಡಾಡುವುದಿಲ್ಲ, ಅಲ್ವಾ? ವಯರ್ ಬೇಡ ಅಂದರೆ ಡಬ್ಲ್ಯುಪಿಎ2 ಬರುವ ಒಂದು ಯುಎಸ್‌ಬಿ ವೈಫೈ ಡಾಂಗಲ್. ಆದರೆ ಕೊಳ್ಳುವ ಮೊದಲು ಅದರ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ವಿಂಡೋಸ್ ಎಕ್ಸ್‌ಪಿಗೆ ಇದೆಯಾ ಕೇಳಿ. ಈಗಿನ ಬಹಳಷ್ಟು ಡಾಂಗಲ್ಲಿಗೆ ಇಲ್ಲ.

ಅದರಲ್ಲಿರುವುದು ಎಕ್ಸ್‌ಪಿ ಆಗಿದ್ದರೆ ಇನ್ನೊಂದು ಮಾತು. 2014ರ ಏಪ್ರಿಲ್‌ಗೆ ಮೈಕ್ರೋಸಾಫ್ಟ್ ಅದಕ್ಕೆ ಸುರಕ್ಷತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು. ಲೆಕ್ಕ ಬರೆಯಲಿ, ಬೇಡ ಅನ್ನುವುದಿಲ್ಲ. ಬ್ಯಾಂಕಿನ ಕೆಲಸ ಮಾತ್ರ ಅದರಲ್ಲಿ ಮಾಡುವುದು ಬೇಡ. ನೀವೇ ಬ್ಯಾಂಕಿನವರು, ನಾನು ಹೇಳಬೇಕಾಗಿಲ್ಲ. ಲೆಕ್ಕದ ಫೈಲುಗಳನ್ನು ಇವತ್ತೇ ಒಂದು ಪೆನ್‌ಡ್ರೈವಿಗೆ ಹಾಕಿಡಿ. ಅಷ್ಟು ವರ್ಷದ ಹಾರ್ಡ್ ಡಿಸ್ಕ್ ಹೋಗುವಾಗ ಹೇಳಿ ಹೋಗುವುದಿಲ್ಲ.

ಒಂದು ಹಳೇ ಫೋನ್ ವೈಫೈಗೆ ಸೇರಿದರೆ ಎಲ್ಲರ ವೇಗವೂ ಅದರ ಮಟ್ಟಕ್ಕೆ ಇಳಿಯುತ್ತದೆ ಅಂತ ಗೆಳೆಯ ಹೇಳುತ್ತಾನೆ. ನಿಜವೇ?
— ಪಿಯುಸಿ ವಿದ್ಯಾರ್ಥಿ, ಶಿರಸಿ

ಅರ್ಧ ನಿಜ. ಆ ಅರ್ಧ ಯಾವುದು ಅಂತ ನೋಡೋಣ.

ನಿಮ್ಮೂರ ಸಹಕಾರಿ ಸಂಘದ ವಾರ್ಷಿಕ ಸಭೆಗೆ ಅಪ್ಪನ ಜೊತೆ ಒಮ್ಮೆಯಾದರೂ ಹೋಗಿರುತ್ತೀಯ. ಮೈಕು ಒಂದೇ. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ವೈಫೈ ಕೂಡ ಅಷ್ಟೇ. ಒಂದು ಚಾನೆಲ್ಲಿನಲ್ಲಿ, ಅಂದರೆ ಒಂದು ರೇಡಿಯೋ ದಾರಿಯಲ್ಲಿ, ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಸರದಿ ಸಿಗುವುದು ನಿಮಿಷದ ಲೆಕ್ಕದಲ್ಲಲ್ಲ, ಮಾತಿನ ಲೆಕ್ಕದಲ್ಲಿ. ಹೆಚ್ಚುಕಡಿಮೆ ಎಲ್ಲರಿಗೂ ಒಂದೊಂದು ಮಾತು. ಹುಡುಗರು ತಮ್ಮ ಒಂದು ಮಾತನ್ನು ಚಕ್ಕಂತ ಹೇಳಿ ಮೈಕು ಬಿಡುತ್ತಾರೆ. ಹಿರಿಯರೊಬ್ಬರು ಎದ್ದರು ಅಂದರೆ, ಕವಳ ಉಗಿದು ಬಂದು, ಗಂಟಲು ಸರಿಮಾಡಿಕೊಂಡು, ಆ ಒಂದೇ ಮಾತಿಗೆ ಹತ್ತು ನಿಮಿಷ. ನಿಯಮ ಯಾರೂ ಮೀರಲಿಲ್ಲ. ಆದರೂ ಸಭೆಯ ಹೊತ್ತೆಲ್ಲ ಅವರದ್ದೇ ಆಯಿತು.

ಅಂಕಿಯಲ್ಲಿ ನೋಡು. ವೈಫೈಯ ಒಂದು ಮಾತಿಗೆ ಪ್ಯಾಕೆಟ್ ಅಂತ ಹೆಸರು. ಸಾಮಾನ್ಯವಾಗಿ ಅದು 1500 ಬೈಟ್, ಅಂದರೆ 12,000 ಬಿಟ್. 300 ಎಂಬಿಪಿಎಸ್‌ನ ಫೋನು ಇದನ್ನು 0.04 ಮಿಲಿಸೆಕೆಂಡಿನಲ್ಲಿ ಕಳಿಸಿ ಮುಗಿಸುತ್ತದೆ. 54ರದ್ದು 0.22 ತೆಗೆದುಕೊಳ್ಳುತ್ತದೆ. 1999ರ 802.11ಬಿ ಯಂತ್ರ ತನ್ನ ಪೂರ್ತಿ ವೇಗವಾದ 11ರಲ್ಲೇ ಹೋದರೂ 1.1 ಮಿಲಿಸೆಕೆಂಡ್. ಅದೇ ಯಂತ್ರ ದೂರದ ಕೋಣೆಯಲ್ಲಿದ್ದು 1 ಎಂಬಿಪಿಎಸ್‌ಗೆ ಇಳಿಯಿತು ಅಂದರೆ 12 ಮಿಲಿಸೆಕೆಂಡ್. ಅಷ್ಟರಲ್ಲಿ ನಿನ್ನ ಫೋನು ಮುನ್ನೂರು ಪ್ಯಾಕೆಟ್ ಕಳಿಸಬಹುದಿತ್ತು. ಪ್ರತಿ ಮಾತಿನ ಮುಂದಿನ ಪೀಠಿಕೆ, ನಡುವಿನ ಬಿಡುವು ಎಲ್ಲ ಸೇರಿಸಿದರೆ ಅಷ್ಟು ಆಗುವುದಿಲ್ಲ, ಆದರೆ ಅಂತರ ಗೊತ್ತಾಯಿತಲ್ಲ?

ಇಲ್ಲಿ ಹಳೇದು ಅನ್ನುವುದಕ್ಕಿಂತ ನಿಧಾನ ಅನ್ನುವುದು ಮುಖ್ಯ. ಹೊಚ್ಚಹೊಸ ಫೋನನ್ನು ಹಿತ್ತಿಲ ಬಾವಿಕಟ್ಟೆಯ ಹತ್ತಿರ ಹಿಡಿದು ಕೂತರೆ ಅದೂ ನಿಧಾನವಾಗಿಯೇ ಮಾತಾಡುತ್ತದೆ, ಅದೂ ಹೊತ್ತು ತಿನ್ನುತ್ತದೆ.

ಬಿ ಯಂತ್ರಗಳಿಂದ ಮಾತ್ರ ಇನ್ನೊಂದು ಉಪದ್ರ ಇದೆ. ಜಿ, ಎನ್, ಎಎಕ್ಸ್ ಇವೆಲ್ಲ ಒಂದೇ ಮನೆತನದ ಮಾತು, ಒಂದರ ಪೀಠಿಕೆ ಇನ್ನೊಂದಕ್ಕೆ ತಿಳಿಯುವ ಹಾಗೆ ಮಾಡಿದ್ದಾರೆ. ಬಿ ಆಡುವುದು ಬೇರೆಯೇ ಭಾಷೆ. ನಮ್ಮ ಕಾರವಾರದ ಕಡೆಯ ಸಭೆಯಲ್ಲಿ ಕೊಂಕಣಿ ಮಾತ್ರ ಬರುವ ಒಬ್ಬ ಅಜ್ಜಿ ಕೂತಿದ್ದಾಳೆ ಅಂದುಕೋ. ಕನ್ನಡದಲ್ಲಿ ಭಾಷಣ ನಡೆಯುತ್ತಿದೆ ಅಂತ ಅವಳಿಗೆ ತಿಳಿಯದೆ, ನಡುವೆಯೇ ಮಾತು ಶುರು ಮಾಡಿಬಿಡುತ್ತಾಳೆ. ಅದಕ್ಕೆ ಪ್ರತಿಯೊಬ್ಬರೂ ಮೊದಲು ಕೊಂಕಣಿಯಲ್ಲಿ, ನಿಧಾನವಾಗಿ, ‘ಈಗ ನಾನು ಮಾತಾಡುತ್ತೇನೆ, ಇಷ್ಟು ಹೊತ್ತು ಸುಮ್ಮನಿರಿ’ ಅಂತ ಹೇಳಿ ಆಮೇಲೆ ತಮ್ಮ ಮಾತು ಶುರು ಮಾಡಬೇಕು. ಅಜ್ಜಿ ತೂಕಡಿಸುತ್ತಿದ್ದರೂ ಇದು ತಪ್ಪುವುದಿಲ್ಲ. ಬಿ ಯಂತ್ರ ಸುಮ್ನೆ ಸೇರಿಕೊಂಡಿದ್ದರೂ ಸಾಕು, ರೂಟರ್ ಈ ಎಚ್ಚರಿಕೆ ಹೇಳಿಸುತ್ತಲೇ ಇರುತ್ತದೆ.

ಇದೆಲ್ಲ ನಡೆಯುವುದು 2.4 ಗಿಗಾಹರ್ಟ್ಸಿನಲ್ಲಿ. 5 ಗಿಗಾಹರ್ಟ್ಸ್ ಅನ್ನುವುದು ಪಕ್ಕದ ಬೇರೆ ಸಭಾಂಗಣ, ಬೇರೆ ಮೈಕು. ಬಿ ಅಲ್ಲಿಗೆ ಬರಲಾರದು, ಜಿಯೂ ಬರಲಾರದು. ನಿನ್ನ ಫೋನು 5ರಲ್ಲಿದ್ದರೆ ಅಜ್ಜನ ಹಳೇ ಫೋನು 2.4ರಲ್ಲಿ ಏನು ಮಾಡಿದರೂ ನಿನಗೆ ತಟ್ಟುವುದಿಲ್ಲ. ನಿನ್ನ ಗೆಳೆಯನಿಗೆ ಗೊತ್ತಿಲ್ಲದ ಅರ್ಧ ಇದು. ಕೆಲವು ರೂಟರಿನಲ್ಲಿ ಏರ್‌ಟೈಮ್ ಫೇರ್‌ನೆಸ್ ಅಂತ ಒಂದು ಸ್ವಿಚ್ ಇರುತ್ತದೆ, ಮಾತಿನ ಲೆಕ್ಕ ಬಿಟ್ಟು ನಿಮಿಷದ ಲೆಕ್ಕದಲ್ಲಿ ಸರದಿ ಕೊಡುವುದು ಅದರ ಕೆಲಸ. ಇದ್ದರೆ ಆನ್ ಮಾಡು.

ಹೊಸ ರೂಟರ್ ಹಾಕಿಸಿದ ಮೇಲೆ ಎರಡು ತೊಂದರೆ. ಅಂಗಳದ ದೀಪಕ್ಕೆ ತಂದ ಸ್ಮಾರ್ಟ್ ಪ್ಲಗ್ ಜೋಡಿಸಲಿಕ್ಕೇ ಆಗುತ್ತಿಲ್ಲ. ಅಡಿಕೆ ಒಣಗಿಸುವಲ್ಲಿ ಹಾಕಿದ ಕ್ಯಾಮೆರಾ, ಮಗ ಅಮೆರಿಕದಿಂದ ತಂದದ್ದು, ಒಂದು ವಾರ ಸರಿ ಇರುತ್ತದೆ, ಇನ್ನೊಂದು ವಾರ ಪತ್ತೆಯೇ ಇಲ್ಲ. ಹಳೇ ರೂಟರಿನಲ್ಲಿ ಕ್ಯಾಮೆರಾ ಚೆನ್ನಾಗಿತ್ತು.
— ಅಡಿಕೆ ಬೆಳೆಗಾರರು, ಹುಲೇಕಲ್ ರಸ್ತೆ, ಶಿರಸಿ

ಎರಡಕ್ಕೂ ಕಾರಣ ಬೇರೆ ಬೇರೆ. ಕ್ಯಾಮೆರಾದ್ದು ಸ್ವಾರಸ್ಯವಾಗಿದೆ, ಅದನ್ನೇ ಮೊದಲು ಹೇಳುತ್ತೇನೆ.

2.4 ಗಿಗಾಹರ್ಟ್ಸಿನಲ್ಲಿ ನಮ್ಮಲ್ಲಿ 1ರಿಂದ 13ರ ತನಕ ಚಾನೆಲ್ ಬಳಸಬಹುದು. ಅಮೆರಿಕದಲ್ಲಿ ರೂಢಿ 11ರ ತನಕ. ಅಲ್ಲಿಗೆಂದೇ ಮಾಡಿದ ಸಾಮಾನಿನಲ್ಲಿ ಎಷ್ಟೋ 12 ಮತ್ತು 13ನ್ನು ನೋಡುವುದೇ ಇಲ್ಲ. ನಿಮ್ಮ ಹೊಸ ರೂಟರಿನ ಚಾನೆಲ್ ‘ಆಟೋ’ದಲ್ಲಿರಬೇಕು. ಅದು ತನಗೆ ಬೇಕಾದಾಗ ಖಾಲಿ ಜಾಗ ಹುಡುಕಿಕೊಂಡು 12ಕ್ಕೋ 13ಕ್ಕೋ ಹೋಗಿ ಕೂರುತ್ತದೆ. ಫೋನು ಅಲ್ಲಿಗೂ ಹೋಗುತ್ತದೆ, ಆದ್ದರಿಂದ ನಿಮಗೆ ಗೊತ್ತಾಗುವುದಿಲ್ಲ. ಕ್ಯಾಮೆರಾ ಮಾತ್ರ ಕುರುಡು. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಮತ್ತೆ 6ಕ್ಕೆ ಬಂದರೆ ಕ್ಯಾಮೆರಾ ಬದುಕಿತು. ನಿಮ್ಮ ಕಡೆ ಕರೆಂಟ್ ಹೋಗಿ ಬರುವುದಕ್ಕೇನು ಬರ? ಚಾನೆಲ್ಲನ್ನು 1, 6 ಅಥವಾ 11ರಲ್ಲಿ ಒಂದಕ್ಕೆ ಕಟ್ಟಿಹಾಕಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಚಾನೆಲ್ಲಿನ ಅಗಲ 20 ಮೆಗಾಹರ್ಟ್ಸ್ ಇರಲಿ, 40 ಬೇಡ.

ಪ್ಲಗ್ಗಿನ ವಿಷಯ ಸುಲಭ. ಅಗ್ಗದ ಸ್ಮಾರ್ಟ್ ಪ್ಲಗ್ಗು, ಬಲ್ಬುಗಳ ಒಳಗೆ ಇಎಸ್‌ಪಿ8266 ಥರದ ಪುಟ್ಟ ಚಿಪ್ ಇರುತ್ತದೆ. ಅದಕ್ಕೆ 2.4 ಮಾತ್ರ ಗೊತ್ತು. ಈಗಿನ ರೂಟರುಗಳು 2.4ಕ್ಕೂ 5ಕ್ಕೂ ಒಂದೇ ಹೆಸರು ಇಟ್ಟು ಬರುತ್ತವೆ. ನಿಮ್ಮ ಫೋನು 5ರಲ್ಲಿ ಕೂತು ಪ್ಲಗ್ಗನ್ನು ಕರೆಯುತ್ತದೆ, ಪ್ಲಗ್ಗಿಗೆ ಕೇಳಿಸುವುದಿಲ್ಲ. ಜೋಡಿಸುವ ಹತ್ತು ನಿಮಿಷ 5 ಗಿಗಾಹರ್ಟ್ಸನ್ನು ರೂಟರಿನಲ್ಲಿ ಆಫ್ ಮಾಡಿ. ಕೆಲಸ ಮುಗಿದ ಮೇಲೆ ಆನ್ ಮಾಡಿ, ಅಷ್ಟೇ. ಆಗಲೂ ಆಗದಿದ್ದರೆ ಬೀಗ ನೋಡಿ. ಡಬ್ಲ್ಯುಪಿಎ2ರ ನಂತರ ಬಂದ ಡಬ್ಲ್ಯುಪಿಎ3 ಮಾತ್ರ ಅಂತ ಇದ್ದರೆ ಪ್ಲಗ್ಗು ಒಳಗೆ ಬರಲಾರದು. ಡಬ್ಲ್ಯುಪಿಎ2 ಮತ್ತು 3 ಎರಡೂ ಅನ್ನುವ ಆಯ್ಕೆ ಇರುತ್ತದೆ. ಅದಕ್ಕೂ ತಕರಾರು ಮಾಡುವ ಪ್ಲಗ್ಗುಗಳನ್ನು ನೋಡಿದ್ದೇನೆ, ಹಾಗಾದರೆ 2.4ಕ್ಕೆ ಬರೀ ಡಬ್ಲ್ಯುಪಿಎ2 ಎಇಎಸ್ ಇಡಿ.

ಅಂಗಳದ ಸಾಮಾನನ್ನು 2.4ರಲ್ಲೇ ಇಡುವುದು ಒಳ್ಳೆಯದೂ ಹೌದು. ನಿಮ್ಮ ಮನೆ ಹಳೇ ಮನೆ ಇರಬೇಕು, ಮೊಳ ದಪ್ಪದ ಕೆಂಪುಕಲ್ಲಿನ ಗೋಡೆ. 5 ಗಿಗಾಹರ್ಟ್ಸ್ ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಆ ಕಲ್ಲಿನಲ್ಲಿ ಎಷ್ಟು ಸಣ್ಣ ಸಣ್ಣ ತೂತು ಅಂತ ನಿಮಗೇ ಗೊತ್ತು, ಆಷಾಢದಲ್ಲಿ ಅದು ನೀರು ಕುಡಿದುಕೊಂಡು ನಿಲ್ಲುತ್ತದೆ. ನೀರು ರೇಡಿಯೋ ಅಲೆಯನ್ನು ಹೀರುತ್ತದೆ. ಬೇಸಿಗೆಯಲ್ಲಿ ಬರುತ್ತಿದ್ದ ಸಿಗ್ನಲ್ ಮಳೆಗಾಲದಲ್ಲಿ ಬರುವುದಿಲ್ಲ ಅಂತ ಘಟ್ಟದ ಮೇಲಿನವರು ಹೇಳಿದರೆ ನಾನು ನಗುವುದಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ದೀಪ ಆಯಿತು ಅಂತ ಮುಂದೆ ತೋಟದ ಪಂಪನ್ನೂ ಆ ಪ್ಲಗ್ಗಿಗೆ ಹಾಕಬೇಡಿ. ಮೋಟರ್ ಶುರುವಾಗುವಾಗ ಎಳೆಯುವ ಕರೆಂಟಿಗೆ ಅದು ಕರಗಿಹೋಗುತ್ತದೆ. ನಡುವೆ ಕಾಂಟ್ಯಾಕ್ಟರ್, ಅಂದರೆ ದೊಡ್ಡ ಕರೆಂಟ್ ತಡೆಯುವ ಸ್ವಿಚ್ಚು ಬೇಕು, ಎಲೆಕ್ಟ್ರಿಶಿಯನ್ನಿಗೆ ಹೇಳಿ.

ದುಬೈಯಿಂದ ಮಾವ ಅವರ ಹಳೇ ನಿಂಟೆಂಡೊ ಡಿಎಸ್ ತಂದುಕೊಟ್ಟಿದ್ದಾರೆ. ನಮ್ಮ ವೈಫೈಗೆ ಸೇರುತ್ತಿಲ್ಲ. ರೂಟರನ್ನು ವೆಪ್‌ಗೆ ಬದಲಿಸಿದರೆ ಸೇರುತ್ತದೆ ಅಂತ ಓದಿದೆ. ಅಮ್ಮ ನಿಮ್ಮನ್ನು ಕೇಳು ಅಂದಳು.
— ಏಳನೇ ತರಗತಿ, ಅಂಕೋಲಾ

ಅಮ್ಮ ಜಾಣೆ. ಬದಲಿಸಬೇಡ ಪುಟ್ಟ.

ಡಿಎಸ್ 2004ರ ವಿಡಿಯೋ ಗೇಮ್ ಆಟಿಕೆ. ಅದಕ್ಕೆ ಬಿ ಭಾಷೆ ಮತ್ತು ವೆಪ್ ಬೀಗ ಎರಡೇ ಗೊತ್ತು. ವೆಪ್ ಅನ್ನು ಹೇಗೆ ಒಡೆಯುವುದು ಅಂತ 2001ರಲ್ಲೇ ತೋರಿಸಿಕೊಟ್ಟಿದ್ದಾರೆ. ಇವತ್ತು ಒಂದು ಲ್ಯಾಪ್‌ಟಾಪ್ ಇದ್ದವರು ರಸ್ತೆಯಲ್ಲಿ ನಿಂತು ಕೆಲವೇ ನಿಮಿಷದಲ್ಲಿ ಒಳಗೆ ಬರಬಹುದು. ನಿನ್ನ ಒಂದು ಆಟಕ್ಕಾಗಿ ಇಡೀ ಮನೆಯ ಬಾಗಿಲು ತೆಗೆದಿಟ್ಟ ಹಾಗೆ. ಅಷ್ಟು ಮಾಡಿದರೂ ಲಾಭ ಇಲ್ಲ. ಡಿಎಸ್ ಆಟಗಳ ಆನ್‌ಲೈನ್ ಸೇವೆಯನ್ನು ನಿಂಟೆಂಡೊ 2014ರ ಮೇ ತಿಂಗಳಲ್ಲೇ ನಿಲ್ಲಿಸಿದೆ. ಕಾರ್ಟ್ರಿಜ್ ಹಾಕಿ ಆಡು. ಇನ್ನೊಬ್ಬರ ಹತ್ತಿರ ಡಿಎಸ್ ಇದ್ದರೆ ಎರಡೂ ನೇರವಾಗಿ ಮಾತಾಡಿಕೊಳ್ಳುತ್ತವೆ, ಅದಕ್ಕೆ ರೂಟರ್ ಬೇಡ. ಅಂಕೋಲೆಯಲ್ಲಿ ಇನ್ನೊಂದು ಡಿಎಸ್ ಹುಡುಕುವುದೇ ಒಂದು ಆಟ!

ನಮ್ಮದು ಆರು ಕೋಣೆಯ ಹೋಮ್‌ಸ್ಟೇ. ಬರುವವರ ಫೋನು ಒಬ್ಬೊಬ್ಬರದು ಒಂದೊಂದು ಕಾಲದ್ದು. ಕೆಲವರಿಗೆ ವೈಫೈ ಓಡುತ್ತದೆ, ಕೆಲವರಿಗೆ ತೆವಳುತ್ತದೆ. ಪ್ರತಿ ಕೋಣೆಗೂ ಒಂದು ಬೇರೆ ವೈಫೈ ಹೆಸರು ಕೊಟ್ಟರೆ ಸರಿಹೋಗುತ್ತದಾ? ಹಳೇ ಫೋನುಗಳನ್ನು ಬಂದ್ ಮಾಡಿಬಿಡಬಹುದಾ?
— ಹೋಮ್‌ಸ್ಟೇ ನಡೆಸುವವರು, ಗೋಕರ್ಣ

ಗೋಕರ್ಣದ ಹೋಮ್‌ಸ್ಟೇ ಅಂದ ಕೂಡಲೇ ನನಗೆ ನನ್ನದೇ ಒಂದು ಪ್ರತಾಪ ನೆನಪಾಗುತ್ತದೆ. ಕೆಲವು ವರ್ಷದ ಹಿಂದೆ ಅಲ್ಲೇ ಗುಡ್ಡದ ಬದಿಯ ಒಂದು ಮನೆಗೆ ವೈಫೈ ಹಾಕಿಕೊಟ್ಟೆ. ಹಿಂದಿನ ಮೂರು ಕೋಣೆಗೆ ಸಿಗ್ನಲ್ ಮುಟ್ಟುತ್ತಿರಲಿಲ್ಲ. ಅಂಗಡಿಯ ಮೂಲೆಯಲ್ಲಿ ಜಿ ಕಾಲದ ಒಂದು ರಿಪೀಟರ್ ಧೂಳು ತಿನ್ನುತ್ತಾ ಬಿದ್ದಿತ್ತು. ಸುಮ್ನೆ ಯಾಕೆ ಹಾಳಾಗಬೇಕು ಅಂತ ಅದನ್ನೇ ನಡುವೆ ಸಿಕ್ಕಿಸಿ ಬಂದೆ. ಸಿಗ್ನಲ್ ಕಡ್ಡಿ ನಾಲ್ಕೂ ತುಂಬಿತು. ನಾನು ಖುಷಿ, ಮನೆಯವರು ಖುಷಿ. ವಾರದಲ್ಲಿ ಫೋನ್ ಬಂತು, ನೆಟ್ ತೆವಳುತ್ತದೆ ಅಂತ. ಲೈನಿನ ತೊಂದರೆ ಇರಬೇಕು ಅಂದೆ. ಅವರು ಲೈನಿನವರನ್ನು ಮೂರು ಸಲ ಕರೆಸಿದರು. ಲೈನು ಸರಿಯಾಗೇ ಇತ್ತು. ನಾಲ್ಕನೇ ಸಲ ನಾನೇ ಹೋಗಿ ರಿಪೀಟರ್ ಪ್ಲಗ್ ಕಿತ್ತು ನೋಡಿದಾಗ ನನ್ನ ಮುಖ ನೋಡಬೇಕಿತ್ತು.

ಒಂದೇ ರೇಡಿಯೋ ಇರುವ ರಿಪೀಟರ್ ಪ್ರತಿ ಮಾತನ್ನೂ ಎರಡೆರಡು ಸಲ ಹೇಳಬೇಕು. ರೂಟರಿನಿಂದ ಕೇಳಿಸಿಕೊಳ್ಳುವುದು ಒಂದು ಸಲ, ಫೋನಿಗೆ ಹೇಳುವುದು ಇನ್ನೊಂದು ಸಲ. ಎರಡೂ ಅದೇ ಚಾನೆಲ್ಲಿನಲ್ಲಿ. ವೇಗ ಅಲ್ಲಿಗೇ ಅರ್ಧ. ಜಿ ರಿಪೀಟರಿನಲ್ಲಿ ಕೈಗೆ ಸಿಗುವುದೇ ಇಪ್ಪತ್ತು ಚಿಲ್ಲರೆ, ಅದರ ಅರ್ಧ ಹತ್ತು. ಅದನ್ನು ಮೂರು ಕೋಣೆ ಹಂಚಿಕೊಳ್ಳಬೇಕು. ಅತಿಥಿಗಳ ಫೋನು ಎಷ್ಟೇ ಹೊಸದಿದ್ದರೂ ಏನು ಬಂತು? ಹಳೇ ಫೋನು ನೆಟ್‌ವರ್ಕಿನ ತುದಿಯಲ್ಲಿದ್ದರೆ ತೊಂದರೆ ಸ್ವಲ್ಪ. ಹಳೇ ಯಂತ್ರ ನಡುವೆ ಕೂತರೆ ಅದರ ಹಿಂದಿರುವವರೆಲ್ಲ ಹಳಬರೇ. ರಿಪೀಟರ್ ತೆಗೆದು ಕೇಬಲ್ ಎಳೆದು ಹೊಸ ಆಕ್ಸೆಸ್ ಪಾಯಿಂಟ್ (ಕೇಬಲ್ಲಿನಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಹಂಚುವ ಪೆಟ್ಟಿಗೆ) ಹಾಕಿಕೊಟ್ಟೆ. ಕೂಲಿ ಕೇಳಲು ಬಾಯಿ ಬರಲಿಲ್ಲ.

ಆದ್ದರಿಂದ ಮೊದಲು ಹೋಗಿ ನೋಡಿ, ತೆವಳುವವರು ಯಾವ ಕೋಣೆಯವರು? ಯಾವಾಗಲೂ ಅದೇ ಕೋಣೆಗಳಾದರೆ ಫೋನಿನ ವಯಸ್ಸು ಕೇಳಬೇಡಿ, ನಡುವೆ ಏನಿದೆ ಹುಡುಕಿ.

ಕೋಣೆಗೊಂದು ಹೆಸರು ಖಂಡಿತ ಬೇಡ. ಹೆಸರು ಆರಾದರೂ ರೇಡಿಯೋ ಒಂದೇ, ಮೈಕು ಒಂದೇ. ಮೇಲಿಂದ ಇನ್ನೊಂದು ಖರ್ಚು. ರೂಟರ್ ತನ್ನ ಪ್ರತಿ ಹೆಸರನ್ನೂ ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗುತ್ತದೆ, ‘ನಾನಿದ್ದೇನೆ, ನಾನಿದ್ದೇನೆ’ ಅಂತ. ಆರು ಹೆಸರಿಗೆ ಅರವತ್ತು ಕೂಗು. 2.4ರಲ್ಲಿ ಬಿ ಬಾಗಿಲು ತೆರೆದಿದ್ದರೆ ಈ ಕೂಗು ಸಾಮಾನ್ಯವಾಗಿ 1 ಎಂಬಿಪಿಎಸ್‌ನ ಆಮೆ ವೇಗದಲ್ಲಿ, ಎಲ್ಲಕ್ಕಿಂತ ಹಳಬರಿಗೂ ಕೇಳಿಸಲಿ ಅಂತ. ಹೆಸರು ಎರಡು ಸಾಕು. ಒಂದು ನಿಮ್ಮ ಮನೆಯವರಿಗೆ, ಒಂದು ಅತಿಥಿಗಳಿಗೆ. ಅತಿಥಿಗಳದ್ದನ್ನು ಗೆಸ್ಟ್ ಮಾಡಿ, ಒಬ್ಬರ ಫೋನು ಇನ್ನೊಬ್ಬರಿಗೆ ಕಾಣದ ಹಾಗೆ ಐಸೋಲೇಶನ್ ಹಾಕಿ.

ಹಳಬರನ್ನು ಬಂದ್ ಮಾಡುವ ಪ್ರಶ್ನೆಗೆ: ಬಿ ಬಂದ್ ಮಾಡಿ, ಜಿ ಬಿಡಿ. ರೂಟರಿನಲ್ಲಿ ‘ಬಿ/ಜಿ/ಎನ್’ ಇದ್ದದ್ದನ್ನು ‘ಜಿ/ಎನ್’ ಮಾಡಿದರೆ ಆಯಿತು. ಬರೀ ಬಿ ಇರುವ ಫೋನು ಹಿಡಿದು ಓಂ ಬೀಚಿಗೆ ಬರುವವರು ಈಗ ಯಾರೂ ಇಲ್ಲ. ಬೀಗ ಡಬ್ಲ್ಯುಪಿಎ2 ಮತ್ತು 3 ಬೆರೆತದ್ದು ಇರಲಿ. ಬರೀ 3 ಇಟ್ಟರೆ ಅದು ಬರದ ಹಳೇ ಫೋನಿನವರು ರಾತ್ರಿ ಹನ್ನೊಂದಕ್ಕೆ ನಿಮ್ಮ ಬಾಗಿಲು ಬಡಿಯುತ್ತಾರೆ.

ಹೊಸ ವೈಫೈ 6 ರೂಟರಿನ ಹೆಸರೇ ನನ್ನ ಲ್ಯಾಪ್‌ಟಾಪಿಗೆ ಕಾಣುತ್ತಿಲ್ಲ. ಪಕ್ಕದ ಮನೆಯವರದ್ದು ಕಾಣುತ್ತದೆ. ಫೋನಿಗೆ ಎರಡೂ ಕಾಣುತ್ತದೆ.
— ಡಿಪ್ಲೊಮಾ ವಿದ್ಯಾರ್ಥಿನಿ, ಭಟ್ಕಳ

ಲ್ಯಾಪ್‌ಟಾಪಿನ ವೈಫೈ ಡ್ರೈವರ್ ಹಳೇದು. ವೈಫೈ 6 ಬರುವ ಮೊದಲಿನ ಕೆಲವು ಡ್ರೈವರುಗಳಿಗೆ ಹೊಸ ರೂಟರಿನ ಕೂಗು ಅರ್ಥವಾಗದೆ ಹೆಸರನ್ನೇ ಪಟ್ಟಿಯಿಂದ ಬಿಟ್ಟುಬಿಡುತ್ತವೆ. ಇಂಟೆಲ್‌ನ ಕೆಲವು ಹಳೇ ಕಾರ್ಡುಗಳಿಗೆ ಇದು ಗೊತ್ತಿರುವ ಕಾಯಿಲೆ, ಹೊಸ ಡ್ರೈವರ್ ಹಾಕಿದರೆ ವಾಸಿ. ಫೋನನ್ನು ಯುಎಸ್‌ಬಿಯಲ್ಲಿ ಜೋಡಿಸಿ ಟೆದರಿಂಗ್ ಮಾಡಿ, ಅಂದರೆ ಫೋನಿನ ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಟ್ಟು, ಡ್ರೈವರ್ ಇಳಿಸಿಕೊಳ್ಳಿ. ಅಷ್ಟು ದಿನ ರೂಟರಿನಲ್ಲಿ 2.4ರ ಎಎಕ್ಸ್ (ಅದೇ ವೈಫೈ 6) ಆಫ್ ಮಾಡಿದರೂ ನಡೆಯುತ್ತದೆ. ಹೊಸ ಲ್ಯಾಪ್‌ಟಾಪ್ ಕೊಡಿಸಲು ಮನೆಯಲ್ಲಿ ಇದೇ ನೆಪ ಹೇಳಿದ್ದರೆ, ಕ್ಷಮಿಸಿ.

ಹೊಸ ರೂಟರ್ ಬಂತು. ಹಳೇದು, ಎನ್ ಕಾಲದ್ದು, ಇನ್ನೂ ಸರಿ ಇದೆ. ಅದನ್ನು ಏನಾದರೂ ಮಾಡಬಹುದಾ? ಮನೆಯಲ್ಲಿ ಎರಡು ಹಳೇ ಫೋನು, ಒಂದು ಪ್ರಿಂಟರ್, ನಾಲ್ಕು ಸ್ಮಾರ್ಟ್ ಬಲ್ಬ್ ಇವೆ.
— ನಿವೃತ್ತ ಶಿಕ್ಷಕರು, ಸಿದ್ದಾಪುರ

ಮೇಷ್ಟ್ರೇ, ಈ ತಿಂಗಳ ಒಳ್ಳೆಯ ಪ್ರಶ್ನೆ ನಿಮ್ಮದು. ಉಳಿದವರೆಲ್ಲ ಹಳೇದನ್ನು ಹೊಸದರೊಳಗೆ ಹೇಗೆ ತುರುಕಲಿ ಅಂತ ಕೇಳಿದರು. ನೀವು ಹಳೇದಕ್ಕೇ ಒಂದು ಮನೆ ಕಟ್ಟಿಕೊಡಲು ಹೊರಟಿದ್ದೀರಿ.

ಹಳೇ ರೂಟರನ್ನು ಆಕ್ಸೆಸ್ ಪಾಯಿಂಟ್ ಮಾಡಿ. ಮೊದಲು ಅದನ್ನು ಒಂಟಿಯಾಗಿ ಕಂಪ್ಯೂಟರಿಗೆ ಜೋಡಿಸಿ ಒಳಗೆ ಹೋಗಿ. ಹೊಸ ರೂಟರಿನ ವಿಳಾಸ 192.168.1.1 ಇದ್ದರೆ ಇದರದ್ದನ್ನು 192.168.1.2 ಮಾಡಿ. ಹೊಸದು ಈ ಅಂಕಿಯನ್ನು ಬೇರೆ ಯಾರಿಗೂ ಹಂಚದ ಹಾಗೆ ಅಲ್ಲಿ ನೋಡಿಕೊಳ್ಳಿ. ಹಳೇದರ ಡಿಎಚ್‌ಸಿಪಿ ಆಫ್ ಮಾಡಿ. ಒಂದು ಮನೆಯಲ್ಲಿ ವಿಳಾಸ ಹಂಚುವವರು ಒಬ್ಬರೇ ಇರಬೇಕು, ಇಬ್ಬರಾದರೆ ಜಗಳ. ಆಮೇಲೆ ಹೊಸದರ ಲ್ಯಾನ್ ತೂತಿನಿಂದ ಹಳೇದರ ಲ್ಯಾನ್ ತೂತಿಗೆ ಕೇಬಲ್ ಹಾಕಿ. ಹೊರಗಿನ ಲೈನಿಗೆಂದು ಬೇರೆ ಬಣ್ಣದ್ದೊಂದು ವ್ಯಾನ್ ತೂತು ಇರುತ್ತದೆ, ಅದನ್ನು ಮುಟ್ಟಬೇಡಿ.

ಈಗ ಮುಖ್ಯ ಮಾತು. ಹೊಸದರ 2.4 ಚಾನೆಲ್ 11ರಲ್ಲಿ ಇಡಿ, ಹಳೇದರದ್ದು 1ರಲ್ಲಿ. ಹಳೇದಕ್ಕೆ ಬೇರೆ ಹೆಸರು ಕೊಡಿ. ಹಳೇ ಫೋನು, ಬಲ್ಬು, ಪ್ರಿಂಟರ್ ಎಲ್ಲ ಅಲ್ಲಿ ಸೇರಿಸಿ. ಹೋಮ್‌ಸ್ಟೇಯವರಿಗೆ ಹೆಸರು ಹೆಚ್ಚು ಮಾಡಬೇಡಿ ಅಂದವಳು ನಿಮಗೆ ಮಾತ್ರ ಹೇಗೆ ಹೇಳುತ್ತೇನೆ ಅನ್ನಬೇಡಿ. ಅಲ್ಲಿ ಹೆಸರು ಆರು, ರೇಡಿಯೋ ಒಂದು. ಇಲ್ಲಿ ರೇಡಿಯೋನೇ ಎರಡು, ಚಾನೆಲ್ಲೂ ಬೇರೆ. ನಿಜವಾಗಿ ಎರಡು ಮೈಕು. ಹಳಬರು ತಮ್ಮ ಪಾಡಿಗೆ ಕವಳ ಹಾಕಿಕೊಂಡು ಮಾತಾಡಲಿ. ಒಳಗೆ ಲ್ಯಾನ್ ಒಂದೇ ಆದ್ದರಿಂದ ಹೊಸ ಫೋನಿನಿಂದ ಆ ಪ್ರಿಂಟರಿಗೆ ಪ್ರಿಂಟ್ ಕೊಡಲೂಬಹುದು. ಎರಡನ್ನೂ ಒಂದರ ಪಕ್ಕ ಒಂದು ಇಡಬೇಡಿ, ನಡುವೆ ಒಂದು ಕೋಣೆಯಾದರೂ ಇರಲಿ. ಬೀಗ ಎರಡಕ್ಕೂ ಗಟ್ಟಿ ಇರಲಿ, ಡಬ್ಲ್ಯುಪಿಎ2 ಎಇಎಸ್. ಒಂದು ಬಾಗಿಲು ಸಡಿಲ ಇದ್ದರೆ ಇನ್ನೊಂದಕ್ಕೆ ಚಿಲಕ ಹಾಕಿ ಏನು ಪ್ರಯೋಜನ?

ಕೇಬಲ್ಲನ್ನು ಮನೆಯೊಳಗೇ, ಅಟ್ಟದ ಮೇಲೆ ಎಳೆಯಿರಿ. ಕೊಟ್ಟಿಗೆಗೋ ಔಟ್‌ಹೌಸಿಗೋ ಅಂಗಳ ದಾಟಿಸುವ ಆಸೆ ಇದ್ದರೆ ತಾಮ್ರದ ವಯರ್ ಬೇಡ. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಆ ವಯರಿನಲ್ಲಿ ಹರಿದು ಎರಡು ಕಡೆಯ ರೂಟರೂ ಹೋಗುತ್ತವೆ. ಲೋಹದ ತಂತಿ ಇಲ್ಲದ ಫೈಬರ್ ಎಳೆದು, ಎರಡು ತುದಿಗೆ ಫೈಬರನ್ನು ಲ್ಯಾನ್ ಕೇಬಲ್ಲಿಗೆ ಕೂಡಿಸುವ ಮೀಡಿಯಾ ಕನ್ವರ್ಟರ್ ಹಾಕಬೇಕು.

ವೈಫೈ 7 ರೂಟರ್ ತಂದರೆ ನಮ್ಮ ಹಳೇ ಪ್ರಿಂಟರ್ ಬೇಗ ಪ್ರಿಂಟ್ ಮಾಡುತ್ತದಾ?
— ಝೆರಾಕ್ಸ್ ಅಂಗಡಿ, ಹೊನ್ನಾವರ

ಇಲ್ಲ. ಹೊಸ ರೂಟರ್ ಅದರ ಜೊತೆ ಅದಕ್ಕೆ ಬರುವ ಹಳೇ ಭಾಷೆಯಲ್ಲೇ ಮಾತಾಡುತ್ತದೆ. ಮೇಜಿನ ಮೇಲೆ ಕಂಪ್ಯೂಟರ್, ಪ್ರಿಂಟರ್ ಎರಡೂ ಪಕ್ಕಪಕ್ಕ ಇದ್ದರೆ ಒಂದು ಯುಎಸ್‌ಬಿ ಕೇಬಲ್ ಸಾಕು. ಉಳಿದ ದುಡ್ಡಿಗೆ ಇಂಕ್ ತಗೊಳ್ಳಿ.